ಮೊಳೆಗೆ ನೇತುಹಾಕಿದ ಗಾರ್ಡ್

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕೇಂದ್ರದ ತರಬೇತಿ ಶಾಲೆಗೆ ಹೋಗಿದ್ದೆ. ಮರಗೆಲಸದ ವರ್ಕ್‌ಶಾಪಿಗೆ ಕಾಲಿಟ್ಟ ಕೂಡಲೇ ಹಲಗೆಯ ಘಮ. ಗೋಡೆಯ ಮೇಲೆ ‘ಸುರಕ್ಷತೆ ಮೊದಲು’ ಅನ್ನುವ ಬೋರ್ಡು. ಅದರ ಪಕ್ಕದ ಮೊಳೆಯಲ್ಲಿ ಕೆಂಪು ಬಣ್ಣದ ಒಂದು ತಗಡಿನ ಚಿಪ್ಪು ನೇತಾಡುತ್ತಿತ್ತು. ಬೆರಳಿಂದ ಸವರಿದರೆ ಗೆರೆ ಬೀಳುವಷ್ಟು ದಪ್ಪಗೆ ಮರದ ಪುಡಿ ಕೂತಿತ್ತು.

“ಇದೇನು ಮೇಷ್ಟ್ರೇ?” ಎಂದೆ.

“ಅದು ಸರ್ಕ್ಯುಲರ್ ಗರಗಸದ ಗಾರ್ಡ್ ಸಾರ್, ಚಕ್ರದ ಮೇಲೆ ಮುಚ್ಚೋದು. ಹಾಕಿದ್ರೆ ಕೊಯ್ಯೋ ಗೆರೆ ಕಾಣಲ್ಲ, ಅದಕ್ಕೇ ಬಿಚ್ಚಿಟ್ಟಿದೀವಿ.”

ಆ ಗರಗಸದ ಮುಂದೆ ನಿಂತಿದ್ದ ಹುಡುಗನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಐಟಿಐಗಳ ಕಾರ್ಪೆಂಟರ್ ಟ್ರೇಡಿಗೆ 8ನೇ ತರಗತಿ ಪಾಸಾದ 14 ವರ್ಷದ ಮಕ್ಕಳೂ ಸೇರಬಹುದು. ಮೇಷ್ಟ್ರು ಒಳ್ಳೆಯವರು, ಮಕ್ಕಳ ಮೇಲೆ ಪ್ರೀತಿ ಇದ್ದವರು. ಐದು ನಿಮಿಷಕ್ಕೊಮ್ಮೆ “ಹುಷಾರು ಕಣೋ” ಅನ್ನುತ್ತಲೇ ಇದ್ದರು. ನನಗೆ ಚಿಂತೆ ಹತ್ತಿದ್ದು ಆ ಮಾತಿನ ಬಗ್ಗೆಯೇ. ಅಲ್ಲಿದ್ದ ರಕ್ಷಣೆ ಅದೊಂದೇ ಆಗಿತ್ತು.

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಇಂಚಿನ ಗರಗಸದ ಚಕ್ರ. ಅದರ ಸುತ್ತಳತೆ ಸುಮಾರು 80 ಸೆಂಟಿಮೀಟರ್. ನಮ್ಮಲ್ಲಿ ಸಿಗುವ ಸಾಮಾನ್ಯ ಮೋಟಾರು ನಿಮಿಷಕ್ಕೆ 2880 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಚಕ್ರವನ್ನು ನೇರವಾಗಿ ಅದಕ್ಕೇ ಕೂರಿಸಿದ್ದರೆ ಹಲ್ಲಿನ ವೇಗ ಗಂಟೆಗೆ 138 ಕಿಲೋಮೀಟರ್ ಆಯಿತು. ಚಕ್ರಕ್ಕೆ 40 ಹಲ್ಲು ಇದ್ದರೆ ಒಂದೇ ಜಾಗದಲ್ಲಿ ಸೆಕೆಂಡಿಗೆ 1920 ಹಲ್ಲು ಹಾದುಹೋಗುತ್ತವೆ.

ಈಗ ನಮ್ಮ ಮೈಯ ಲೆಕ್ಕ. ಏನೋ ಎಡವಟ್ಟಾಯಿತು ಅಂತ ಕಣ್ಣಿಗೆ ಕಂಡು, ಮಿದುಳಿಗೆ ತಿಳಿದು, ಕೈ ಹಿಂದಕ್ಕೆ ಬರಲು ಶುರುವಾಗುವುದಕ್ಕೆ ಸುಮಾರು 0.2 ಸೆಕೆಂಡು ಬೇಕು. ಚುರುಕು ಹುಡುಗನಿಗೂ ಅಷ್ಟೇ, 30 ವರ್ಷ ಕೆಲಸ ಮಾಡಿದ ಬಡಗಿಗೂ ಹೆಚ್ಚುಕಮ್ಮಿ ಅಷ್ಟೇ. ಆ ಹೊತ್ತಿಗೆ 380ಕ್ಕೂ ಜಾಸ್ತಿ ಹಲ್ಲು ದಾಟಿಹೋಗಿರುತ್ತವೆ. ಬೆರಳು ತಾಗಿದ ಮೇಲೆ ಎಷ್ಟೇ ಹುಷಾರಾದರೂ ಸಮಯ ಸಾಲುವುದಿಲ್ಲ. ಅದಕ್ಕೇ ನಾನು ಹೇಳುವುದು: ರಕ್ಷಣೆ ಮೇಷಿನ್ನಿನಲ್ಲಿ ಇರಬೇಕು, ಕೋಣೆಯಲ್ಲಿ ಇರಬೇಕು, ಕೆಲಸ ಹಂಚುವ ರೀತಿಯಲ್ಲಿ ಇರಬೇಕು. ಮಗುವಿನ ಎಚ್ಚರಿಕೆಯ ಮೇಲೆ ಎಲ್ಲಾ ಭಾರ ಹೊರಿಸಬಾರದು.

ಗರಗಸ ಅಂದರೆ ನಮಗೆ ಕಣ್ಣ ಮುಂದೆ ಬರುವುದು ಬೆರಳು ಕೊಯ್ದುಕೊಳ್ಳುವುದು. ಆದರೆ ಹಲವು ಸಲ ಶುರುವಾಗುವುದು ಬೇರೆ ರೀತಿ. ಮರ ಒದೆಯುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟೇಬಲ್ ಮೇಲೆ ಕಾಣುವ ಚಕ್ರದ ಮುಂಭಾಗದಲ್ಲಿ, ಅಂದರೆ ನಮ್ಮ ಕಡೆ, ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ. ಮರವನ್ನು ಟೇಬಲ್ಲಿಗೆ ಒತ್ತಿಹಿಡಿಯುತ್ತವೆ. ಅಲ್ಲಿ ತೊಂದರೆ ಇಲ್ಲ. ಹಿಂಭಾಗದಲ್ಲಿ ಅದೇ ಹಲ್ಲುಗಳು ಕೆಳಗಿನಿಂದ ಮೇಲೆದ್ದು, ನೆತ್ತಿ ದಾಟಿ, ನಮ್ಮ ಕಡೆಗೇ ಬರುತ್ತವೆ.

ಮರ ಬದುಕಿದ್ದಾಗ ಗಾಳಿಗೆ ಬಾಗಿ, ಇಳಿಜಾರಿನಲ್ಲಿ ನಿಂತು, ತನ್ನೊಳಗೆ ಒಂದಷ್ಟು ಬಿಗಿತ ತುಂಬಿಕೊಂಡಿರುತ್ತದೆ. ಸರಿಯಾಗಿ ಒಣಗದ ಹಲಗೆಯಲ್ಲಿ ಇದು ಇನ್ನೂ ಜಾಸ್ತಿ. ಉದ್ದಕ್ಕೆ ಸೀಳುತ್ತಾ ಹೋದಂತೆ ಆ ಬಿಗಿತ ಸಡಿಲವಾಗಿ, ಸೀಳಿದ ಎರಡು ಭಾಗ ಕೆಲವೊಮ್ಮೆ ಅಗಲವಾಗುತ್ತವೆ, ಕೆಲವೊಮ್ಮೆ ಮತ್ತೆ ಹತ್ತಿರ ಬಂದು ಚಕ್ರವನ್ನು ಚಿಮಟದ ಹಾಗೆ ಹಿಡಿಯುತ್ತವೆ. ಹಿಡಿದ ಕೂಡಲೇ ಹಿಂಭಾಗದ ಹಲ್ಲುಗಳು ಹಲಗೆಯನ್ನು ಎತ್ತಿ ನಮ್ಮ ಮೇಲೆ ಎಸೆಯುತ್ತವೆ. ಅರ್ಧ ಕಿಲೋ ತೂಕದ ರೀಪು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ, ವೇಗದ ಬೌಲರ್ 140ರಲ್ಲಿ ಹಾಕಿದ ಕ್ರಿಕೆಟ್ ಚೆಂಡಿನ ಒಂದೂವರೆ ಪಟ್ಟು ಶಕ್ತಿ ಅದಕ್ಕಿರುತ್ತದೆ. ಅದು ಬಂದು ಬಡಿಯುವುದು ಹೊಟ್ಟೆಯ ಎತ್ತರಕ್ಕೆ. ಎತ್ತರ ಕಮ್ಮಿ ಇರುವ ಹುಡುಗನಾದರೆ ಎದೆಗೆ. ಇನ್ನೊಂದು ಅಪಾಯವೂ ಇದೆ. ಮರವನ್ನು ತಳ್ಳುತ್ತಿದ್ದ ಕೈಯ ಕೆಳಗಿನಿಂದ ಮರವೇ ಮಾಯವಾಗುತ್ತದೆ. ತಳ್ಳುವ ಬಲ ಹಾಗೇ ಇರುತ್ತದೆ. ಕೈ ನೇರ ಚಕ್ರದ ಮೇಲೆ ಬೀಳುತ್ತದೆ.

ಇದಕ್ಕೆ ಮದ್ದು ಒಂದು ಸಣ್ಣ ಉಕ್ಕಿನ ತುಂಡು. ಚಕ್ರದ ಬೆನ್ನಿಗೇ, 8 ಮಿಲಿಮೀಟರಿಗಿಂತ ದೂರ ಇಲ್ಲದ ಹಾಗೆ, ಅದರ ವಕ್ರತೆಗೆ ಹೊಂದಿಕೊಂಡು ನಿಲ್ಲುವ ರೈವಿಂಗ್ ನೈಫ್. ಚಕ್ರದ ತಟ್ಟೆಗಿಂತ ಸ್ವಲ್ಪ ದಪ್ಪ, ಹಲ್ಲು ಕೊಯ್ಯುವ ಸಂದಿಗಿಂತ ಸ್ವಲ್ಪ ತೆಳು. ಸೀಳು ಮುಚ್ಚಿಕೊಳ್ಳದಂತೆ ಅದು ಬೆಣೆಯ ಹಾಗೆ ತಡೆಯುತ್ತದೆ. ಹಿಂದೆ ಸಾಮಿಲ್ಲಿನವರು ದೊಡ್ಡ ದಿಮ್ಮಿ ಸೀಳುವಾಗ ಸೀಳಿನಲ್ಲಿ ಬೆಣೆ ಹೊಡೆಯುತ್ತಿದ್ದರಲ್ಲ, ಅದೇ ಬುದ್ಧಿ. ಗಾರ್ಡ್ ಬಿಚ್ಚಿಟ್ಟ ಎಷ್ಟೋ ಕಡೆ ಇದನ್ನೂ ಬಿಚ್ಚಿಡುತ್ತಾರೆ, ಏಕೆಂದರೆ ಹಲವು ಮೇಷಿನ್ನುಗಳಲ್ಲಿ ಗಾರ್ಡ್ ಕೂರುವುದೇ ಇದರ ಮೇಲೆ. ಇದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವಸ್ತು ಕಪಾಟಿನಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿರುತ್ತದೆ.

ಇನ್ನೊಂದು ವಿಷಯ ನಮ್ಮ ಊರುಗಳಿಗೆ ತುಂಬಾ ಹತ್ತಿರದ್ದು: ಕರೆಂಟ್ ಹೋಗುವುದು. ಮೇಷಿನ್ ಓಡುತ್ತಿರುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಮಕ್ಕಳು ಓ ಎಂದು ಕೂಗಿ ಹೊರಗೆ ಓಡುತ್ತಾರೆ. ಒಬ್ಬ ಮಾತ್ರ ಉಳಿದು, ನಿಂತ ಚಕ್ರದ ಸುತ್ತ ಸಿಕ್ಕಿಕೊಂಡ ಚೂರುಗಳನ್ನು ಕೈಯಿಂದ ತೆಗೆಯುತ್ತಿದ್ದಾನೆ. ಸ್ವಿಚ್ ಆಫ್ ಮಾಡಲು ಯಾರಿಗೂ ನೆನಪಾಗಿಲ್ಲ. ಹತ್ತು ನಿಮಿಷಕ್ಕೆ ಕರೆಂಟ್ ಬರುತ್ತದೆ.

ಮೇಷಿನ್ನಿಗೆ ಇರುವುದು ಮನೆಯ ಫ್ಯಾನಿನಂಥ ಸಾದಾ ಸ್ವಿಚ್ ಆಗಿದ್ದರೆ ಚಕ್ರ ತಾನಾಗಿಯೇ ತಿರುಗಿಬಿಡುತ್ತದೆ. ಆದರೆ ಹಸಿರು ಬಟನ್, ಕೆಂಪು ಬಟನ್ ಇರುವ ಸ್ಟಾರ್ಟರ್ ಇದ್ದರೆ ಹಾಗಾಗುವುದಿಲ್ಲ. ಬೋರ್‌ವೆಲ್ ಇರುವ ಪ್ರತಿಯೊಬ್ಬ ರೈತನಿಗೂ ಈ ಡಬ್ಬ ಗೊತ್ತು. ಹಸಿರು ಒತ್ತಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಸಂಪರ್ಕವನ್ನು ಎಳೆದು ಹಿಡಿಯುತ್ತದೆ. ಆ ಕಾಯಿಲ್ಲಿಗೆ ಶಕ್ತಿ ಬರುವುದೂ ಅದೇ ಲೈನಿನಿಂದ. ಕರೆಂಟ್ ಹೋದರೆ ಅಯಸ್ಕಾಂತ ಸತ್ತು, ಸ್ಪ್ರಿಂಗು ಸಂಪರ್ಕವನ್ನು ಬಿಡಿಸುತ್ತದೆ. ಕರೆಂಟ್ ಮತ್ತೆ ಬಂದರೂ ಯಾರಾದರೂ ಹಸಿರು ಬಟನ್ ಒತ್ತುವ ತನಕ ಮೋಟಾರು ಏಳುವುದಿಲ್ಲ. ರಾತ್ರಿ ತ್ರೀ ಫೇಸ್ ಬಂದಾಗ ತೋಟಕ್ಕೆ ಎದ್ದು ಹೋಗುವ ಕಷ್ಟ ತಪ್ಪಲಿ ಎಂದು ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಳ್ಳುತ್ತಾರೆ. ಪಂಪ್‌ಸೆಟ್ಟಿಗೆ ಅದು ಅನುಕೂಲ. ಅಂಥದ್ದು ಗರಗಸದ ಲೈನಿಗೆ ಅಪ್ಪಿತಪ್ಪಿಯೂ ಬರಬಾರದು.

ಆಫ್ ಮಾಡಿದ ಮೇಲೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಬ್ಯಾಂಡ್ ಸಾ, ಅಂದರೆ ಹಲ್ಲಿರುವ ಉಕ್ಕಿನ ಪಟ್ಟಿ ಚಕ್ರಗಳ ಮೇಲೆ ಓಡುವ ಗರಗಸ ನೋಡಿ. ಅದರ ಎರಡು ದೊಡ್ಡ ಚಕ್ರಗಳು ಭಾರ. ಮೋಟಾರಿನ ಸದ್ದು ನಿಂತರೂ ಪಟ್ಟಿ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ. ನಿಂತಿದೆ ಅಂದುಕೊಂಡು ಮಗು ಕೈ ಚಾಚುತ್ತದೆ. ಬ್ರಿಟನ್ನಿನಲ್ಲಿ ಇಂಥ ಮರಗೆಲಸದ ಮೇಷಿನ್ನುಗಳು 10 ಸೆಕೆಂಡಿನೊಳಗೆ ನಿಲ್ಲಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿಸಬೇಕು ಅನ್ನುವ ಪದ್ಧತಿ ಇದೆ. ಹಳೆಯ ಮೋಟಾರಿಗೂ ಹೊರಗಿನಿಂದ ಬ್ರೇಕ್ ಜೋಡಿಸಬಹುದು. ಆಫ್ ಆದ ಕೂಡಲೇ ಸುರುಳಿಗಳಿಗೆ ಸ್ವಲ್ಪ ಹೊತ್ತು ನೇರ ವಿದ್ಯುತ್ ಹರಿಸಿದರೆ, ಸುತ್ತುತ್ತಿದ್ದ ಕಾಂತಕ್ಷೇತ್ರ ಒಂದೇ ಕಡೆ ನಿಂತುಬಿಡುತ್ತದೆ. ಅದರೊಳಗೆ ತಿರುಗಲು ಹೋಗುವ ಮೋಟಾರಿನ ತಿರುಳು ಕೆಸರಿಗೆ ಸಿಕ್ಕಿದ ಗಾಡಿಯಂತೆ ಬೇಗನೆ ನಿಲ್ಲುತ್ತದೆ.

ಗ್ಲೌಸ್ ಬಗ್ಗೆ ಒಂದು ಮಾತು. ಹಲಗೆ ಹೊರುವಾಗ ಗ್ಲೌಸ್ ಒಳ್ಳೆಯದು. ತಿರುಗುವ ಮೇಷಿನ್ ಮುಂದೆ ಮಾತ್ರ ಬೇಡವೇ ಬೇಡ. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕರೆ ಇಡೀ ಕೈಯನ್ನು ಒಳಗೆಳೆಯುತ್ತದೆ. ಲೇತ್‌ನಲ್ಲಿ, ಡ್ರಿಲ್‌ನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಜಾತ್ರೆಯಲ್ಲಿ ಕೈಗೆ ಕಟ್ಟಿಸಿಕೊಂಡ ದಾರ, ಬಳೆ, ಚೂಡಿದಾರದ ವೇಲು, ಬಿಟ್ಟ ಜಡೆ, ಕುತ್ತಿಗೆಯ ಐಡಿ ಕಾರ್ಡು, ಎಲ್ಲಕ್ಕೂ ಇದೇ ಮಾತು. ದೇವರ ದಾರ ಬಿಚ್ಚು ಅಂದರೆ ಮನೆಯವರಿಗೆ ಬೇಜಾರಾಗಬಹುದು. ಮೊದಲೇ ತಂದೆತಾಯಿಗೆ ಕಾರಣ ತಿಳಿಸಿ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಅಪಾಯ. ಮರದ ಪುಡಿಯ ಕಥೆ ಬೇರೆ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ, ಮೇಜು ಮಾಡುವುದಕ್ಕೇ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿನ ಕಿವಿ, ಮೂಗು, ಗಂಟಲಿನ ಸರ್ಜನ್ ಎಸ್ಮೆ ಹ್ಯಾಡ್‌ಫೀಲ್ಡ್ ಅವರ ಬಳಿ ಮೂಗಿನೊಳಗಿನ ಕ್ಯಾನ್ಸರ್ ರೋಗಿಗಳು ಬರತೊಡಗಿದರು. ಬಹಳ ಅಪರೂಪದ ಕಾಯಿಲೆ ಅದು. ಬಂದವರಲ್ಲಿ ಪೀಠೋಪಕರಣ ಮಾಡುವವರೇ ಜಾಸ್ತಿ. ಅವರು ಮತ್ತು ಜೊತೆಗಾರರು 1968ರಲ್ಲಿ ಇದನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಬ್ರಿಟನ್ 2020ರಲ್ಲಿ ಗಟ್ಟಿಮರದ ಪುಡಿಯ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 3 ಮಿಲಿಗ್ರಾಂಗೆ ಇಳಿಸಿದೆ.

ಇದನ್ನು ಓದಿ ಮಕ್ಕಳನ್ನು ವರ್ಕ್‌ಶಾಪಿನಿಂದ ಬಿಡಿಸಬೇಡಿ. ವಾರಕ್ಕೆ ಕೆಲವು ಗಂಟೆ ಕೆಲಸ ಮಾಡುವ ವಿದ್ಯಾರ್ಥಿಗಿಂತ, ಅದೇ ಗಾಳಿಯನ್ನು 25, 30 ವರ್ಷ ಉಸಿರಾಡುವ ಮೇಷ್ಟ್ರ ಬಗ್ಗೆ ನಾವು ಜಾಸ್ತಿ ಯೋಚಿಸಬೇಕು. ಮಕ್ಕಳಿಗೆ ಬೇಗ ಕಾಡುವುದು ಉಬ್ಬಸ ಮತ್ತು ಚರ್ಮದ ತುರಿಕೆ. ತೇಗ, ಬೀಟೆ ಎರಡರಲ್ಲೂ ಹುಳು ಹತ್ತಿರ ಬಾರದಂತೆ ಕಾಯುವ ರಾಸಾಯನಿಕಗಳಿವೆ. ಮರಕ್ಕೆ ರಕ್ಷಣೆ ಕೊಡುವ ಅದೇ ವಸ್ತು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕಾಲಡಿ ಬೀಳುವ ದಪ್ಪ ಹೊಟ್ಟಿಗಿಂತ, ಉಪ್ಪುಕಾಗದ ಉಜ್ಜುವಾಗ ಏಳುವ, ಕಿಟಕಿಯ ಬಿಸಿಲುಕೋಲಿನಲ್ಲಿ ಮಾತ್ರ ಕಾಣುವ ನುಣ್ಣನೆಯ ಪುಡಿ ಜಾಸ್ತಿ ಕೆಟ್ಟದ್ದು. ಸಂಜೆ ಪೊರಕೆ ಹಿಡಿದು ಗುಡಿಸಿದರೆ ಕೂತ ಪುಡಿಯೂ ಮತ್ತೆ ಮೇಲೇಳುತ್ತದೆ. ಪುಡಿ ಏಳುವ ಜಾಗದಲ್ಲೇ ಎಳೆದುಕೊಳ್ಳುವ ಯಂತ್ರ ಇದ್ದರೆ ಸರಿ. ಅದಿಲ್ಲದಿದ್ದರೆ ಒದ್ದೆ ಮಾಡಿ ಗುಡಿಸುವುದು, ಉಜ್ಜುವ ಕೆಲಸವನ್ನು ಹೊರಗಿನ ಜಗುಲಿಗೆ ಹಾಕುವುದು, ಒಳ್ಳೆಯ ಮಾಸ್ಕ್ ಕೊಡುವುದು. ಕರ್ಚೀಫು ಕಟ್ಟಿಕೊಂಡರೆ ಸಾಲದು. ಸದ್ದಿಗೂ ಹಾಗೇ: ಹಲಗೆ ನುಣುಪು ಮಾಡುವ ಪ್ಲೇನರ್ ಮೇಷಿನ್ ಓಡುವಾಗ ಪಕ್ಕದವನ ಮಾತು ಕೇಳಿಸಲು ಅರಚಬೇಕಾದರೆ ಕಿವಿಗೆ ಮುಚ್ಚಿಗೆ ಬೇಕು.

ಯಾವ ಮೇಷಿನ್ ಯಾರ ಕೈಗೆ? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಬ್ರಿಟನ್ನಿನ ಶಾಲೆಗಳಲ್ಲಿ ಸರ್ಕ್ಯುಲರ್ ಗರಗಸ ಸಾಮಾನ್ಯವಾಗಿ ಮಕ್ಕಳ ಕೈಗೆ ಬರುವುದಿಲ್ಲ. ತರಬೇತಿ ಆದ ಶಿಕ್ಷಕರೋ ತಂತ್ರಜ್ಞರೋ ಹಲಗೆಯನ್ನು ಮೊದಲೇ ಕೊಯ್ದು ಕೊಡುತ್ತಾರೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ತಿರುಗುವ ಭಾಗಗಳಿಗೆ ತಡೆ ಇರಬೇಕು ಎಂದಿತ್ತು. ಹದಿಹರೆಯದವರನ್ನು ಅಪಾಯದ ಮೇಷಿನ್ ಹತ್ತಿರ ಬಿಡುವ ಮೊದಲು ಅಪಾಯ ಏನೆಂದು ಪೂರ್ತಿ ತಿಳಿಸಿರಬೇಕು, ತರಬೇತಿ ಅಥವಾ ಸರಿಯಾದ ಮೇಲ್ವಿಚಾರಣೆ ಇರಬೇಕು ಎಂದೂ ಹೇಳಿತ್ತು. ಶಾಲೆ ಕಾರ್ಖಾನೆ ಅಲ್ಲ, ನಿಜ. ಆದರೆ ಚಕ್ರ ತಿರುಗುವ ವೇಗ ಎರಡು ಕಡೆಯೂ ಒಂದೇ ಅಲ್ವಾ? ಚಿಕ್ಕವರಿಗೆ ಕೈಗರಗಸ, ಉಳಿ, ಉಜ್ಜುಗೊರಡು ಸಾಕು. ಮರದ ಎಳೆ ಯಾವ ಕಡೆ ಓಡುತ್ತದೆ, ಗಂಟು ಎಲ್ಲಿ ಅಡ್ಡ ಬರುತ್ತದೆ ಅನ್ನುವುದು ಕೈಗೆ ತಿಳಿಯುವುದೇ ಇವುಗಳಿಂದ. ದೊಡ್ಡವರಿಗೆ ಮೇಷ್ಟ್ರ ಕಣ್ಣೆದುರು ಬ್ಯಾಂಡ್ ಸಾ ಕೊಡಬಹುದು. ಅದರ ಪಟ್ಟಿ ಕೆಳಕ್ಕಷ್ಟೇ ಓಡುವುದರಿಂದ ಮರವನ್ನು ನಮ್ಮ ಮೇಲೆ ಎಸೆಯುವುದಿಲ್ಲ. ಐಟಿಐಯಲ್ಲಿ ಸರ್ಕ್ಯುಲರ್ ಗರಗಸ ಕಲಿಸಲೇಬೇಕು ಅಂದರೆ ಕೊನೆಯಲ್ಲಿ, ಒಬ್ಬೊಬ್ಬರಿಗೆ, ಗಾರ್ಡ್ ಹಾಕಿ ಕಲಿಸಲಿ. ಮೇಷಿನ್ ಸುತ್ತ ಹಳದಿ ಗೆರೆ ಎಳೆದು, ಒಳಗೆ ಒಬ್ಬನೇ ಇರಲಿ. ಗೆಳೆಯನ ಒಂದು ಕೂಗಿಗೆ ಕತ್ತು ತಿರುಗಿದರೂ ಸಾಕು, ಕೆಲಸ ಕೆಡುತ್ತದೆ.

ದುಡ್ಡಿದ್ದವರಿಗೆ ಇನ್ನೊಂದು ದಾರಿ ಇದೆ. ಅಮೆರಿಕದ ಸ್ಟೀವ್ ಗ್ಯಾಸ್ ಭೌತವಿಜ್ಞಾನ ಓದಿದ ವಕೀಲರು, ಮರಗೆಲಸದ ಹವ್ಯಾಸ ಇದ್ದವರು. ನಮ್ಮ ಮೈ ವಿದ್ಯುತ್ತನ್ನು ಒಯ್ಯುತ್ತದೆ, ಒಣಮರ ಅಷ್ಟಾಗಿ ಒಯ್ಯುವುದಿಲ್ಲ. ಈ ವ್ಯತ್ಯಾಸವನ್ನೇ ಅವರು ಬಳಸಿಕೊಂಡರು. ಚಕ್ರಕ್ಕೆ ಸಣ್ಣ ವಿದ್ಯುತ್ ಸಂಕೇತ ಕೊಟ್ಟಿರುತ್ತಾರೆ. ಬೆರಳು ತಾಗಿದರೆ ಸಂಕೇತ ಕುಸಿಯುತ್ತದೆ, ಅಲ್ಯೂಮಿನಿಯಂ ಗಟ್ಟಿಯೊಂದು ಚಕ್ರಕ್ಕೆ ನುಗ್ಗಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಅದನ್ನು ನಿಲ್ಲಿಸುತ್ತದೆ. ಸಾಸೇಜ್ ಒಡ್ಡಿ ಇದನ್ನು ತೋರಿಸಿದ ಅವರು, ಆಮೇಲೆ ತಮ್ಮ ಬೆರಳನ್ನೇ ಒಡ್ಡಿದರು. ಇದರ ಬೆಲೆ ನಮ್ಮ ಬಹುತೇಕ ಶಾಲೆಗಳ ಕೈಗೆ ಎಟುಕುವಂಥದ್ದಲ್ಲ. ಗಾರ್ಡ್, ರೈವಿಂಗ್ ನೈಫ್, ಸ್ಟಾರ್ಟರ್ ಮೂರೂ ಎಟುಕುತ್ತವೆ.

ಮತ್ತೆ ಆ ಮೇಷ್ಟ್ರ ಮಾತಿಗೆ ಬರುತ್ತೇನೆ. “ಗೆರೆ ಕಾಣಲ್ಲ” ಅಂದಿದ್ದರಲ್ಲ. ಅದು ಸುಳ್ಳಲ್ಲ, ಗಾರ್ಡ್ ಹಾಕಿದರೆ ಗೆರೆ ಕಾಣುವುದು ಕಷ್ಟವೇ. ಇಬ್ಬರೂ ಕೂತು ಯೋಚಿಸಿದೆವು. ಹಲಗೆಯನ್ನು ಸೀಳುವಾಗ ಗೆರೆ ನೋಡುವ ಅಗತ್ಯವಾದರೂ ಏನು? ಚಕ್ರದಿಂದ ಪಕ್ಕದ ಅಡ್ಡಪಟ್ಟಿಗೆ ಎಷ್ಟು ದೂರ ಅಂತ ಸ್ಕೇಲಿನಲ್ಲಿ ಅಳೆದು ಬಿಗಿದರೆ, ಹಲಗೆ ಅದಕ್ಕೆ ಒರಗಿಕೊಂಡು ಹೋಗುತ್ತದೆ. ಅಳತೆ ಆಗಲೇ ಮುಗಿದಿರುತ್ತದೆ. ಅವರು ಮೊಳೆಯಿಂದ ಗಾರ್ಡ್ ಇಳಿಸಿ, ಪುಡಿ ಒರೆಸಿ, ಕೂರಿಸಿದರು. ನಾಲ್ಕು ರೀಪು ಸೀಳಿದರು. ನಾಲ್ಕೂ ಒಂದೇ ಅಳತೆ ಬಂದವು.

ಈಗ ಅವರ ಹೊಸ ಬ್ಯಾಚಿನ ಮಕ್ಕಳಿಗೆ ಮೊದಲ ಕೆಲಸ ತಮ್ಮದೇ ತಳ್ಳುಕೋಲು ಮಾಡಿಕೊಳ್ಳುವುದು. ಪ್ಲೈವುಡ್ ತುಂಡು, 45 ಸೆಂಟಿಮೀಟರ್ ಉದ್ದ, ತುದಿಯಲ್ಲಿ ಬಾಯಿ ತೆರೆದ ಹಕ್ಕಿಯ ಕೊಕ್ಕಿನಂಥ ಕಚ್ಚು. ಹಲಗೆಯ ಕೊನೆಯ ಒಂದಡಿಯನ್ನು ಕೈಯಿಂದ ತಳ್ಳುವ ಬದಲು ಇದರಿಂದ ತಳ್ಳಬೇಕು. ಚಕ್ರ ತಾಗಿದರೆ ಕೊಯ್ದು ಹೋಗುವುದು ಪ್ಲೈವುಡ್. ಕೈಗರಗಸದಲ್ಲೇ ಕೊಯ್ಯುತ್ತಾರೆ, ಅಂಚನ್ನು ತಾವೇ ಉಜ್ಜುತ್ತಾರೆ, ಹಿಡಿಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದುಕೊಳ್ಳುತ್ತಾರೆ.