ಫೈಸೇಲಿಯಾ ಅರ್ಥವಾಗಿದ್ದು ಬಾಳೆ ಬುಡದಲ್ಲಿ

ಜೀವಶಾಸ್ತ್ರ ಪಾಠದಲ್ಲಿ ಸೀಲೆಂಟರೇಟ ವಂಶದ (ಹೈಡ್ರಾ, ಜೆಲ್ಲಿಫಿಶ್ ಇರುವ ಪ್ರಾಣಿ ಗುಂಪು) ಉದಾಹರಣೆಗಳ ಸಾಲಿನಲ್ಲಿ ಫೈಸೇಲಿಯಾ ಅಂತ ಒಂದು ಹೆಸರು ಬರುತ್ತದೆ, ಪಕ್ಕದಲ್ಲೇ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಅಂತಲೂ ಇರುತ್ತದೆ. ನೋಡಲು ಜೆಲ್ಲಿಫಿಶ್ ತರಹ, ಆದರೆ ಜೆಲ್ಲಿಫಿಶ್ ಅಲ್ಲ, ಅದೊಂದು ಕಾಲೊನಿ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ನಾನು ಮಾತ್ರ ಆ 'ಕಾಲೊನಿ' ಅನ್ನೋ ಪದದ ಹತ್ತಿರವೇ ಎರಡು ದಿನ ನಿಂತುಬಿಟ್ಟೆ.

ವರ್ಗೀಕರಣ ಬೇಗ ಮುಗಿಸುತ್ತೇನೆ. ನಿಜವಾದ ಜೆಲ್ಲಿಫಿಶ್ ಸೈಫೋಜೋವಾ ವರ್ಗ. ಒಂದೇ ಪ್ರಾಣಿ, ಕೊಡೆಯಂಥ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಈಜುತ್ತದೆ. ಫೈಸೇಲಿಯಾ ಹೈಡ್ರೋಜೋವಾ ವರ್ಗ, ಸೈಫನೋಫೋರಾ ಗಣ. ಇದಕ್ಕೆ ಈಜಲು ಬರುವುದಿಲ್ಲ, ಗಾಳಿ ತಳ್ಳಿದ ಕಡೆ ತೇಲುತ್ತದೆ.

ಈಗ ಕಾಲೊನಿ. ನನ್ನ ತಲೆಯಲ್ಲಿ ಇದ್ದದ್ದು ಜೇನುಗೂಡು. ಎಲ್ಲೆಲ್ಲಿಂದಲೋ ನೂರಾರು ಪುಟ್ಟ ಪ್ರಾಣಿಗಳು ಬಂದು ಅಂಟಿಕೊಂಡಿವೆ ಅಂದುಕೊಂಡಿದ್ದೆ. ಅದು ತಪ್ಪು. ಇಲ್ಲಿ ಯಾರೂ ಬಂದು ಸೇರುವುದಿಲ್ಲ. ಶುರುವಾಗುವುದು ಒಂದೇ ಒಂದು ಫಲಿತ ಮೊಟ್ಟೆಯಿಂದ. ಅದರಿಂದ ಲಾರ್ವಾ, ಆಮೇಲೆ ಮೊಗ್ಗು, ಮೊಗ್ಗಿನ ಮೇಲೆ ಮೊಗ್ಗು. ಲ್ಯಾಬಿನಲ್ಲಿ ಹೈಡ್ರಾ ಸ್ಲೈಡ್ ನೋಡಿರುತ್ತೀರಿ, ಪಕ್ಕದಲ್ಲಿ ಒಂದು ಮರಿ ಮೂಡಿರುತ್ತದೆ ಅಲ್ವಾ? ಹೈಡ್ರಾದಲ್ಲಿ ಅದು ಬೆಳೆದು ಕಳಚಿಕೊಳ್ಳುತ್ತದೆ. ಫೈಸೇಲಿಯಾದಲ್ಲಿ ಕಳಚಿಕೊಳ್ಳುವುದೇ ಇಲ್ಲ.

ಇದು ಮನಸ್ಸಿಗೆ ಇಳಿದದ್ದು ಮಂಡ್ಯದ ಹತ್ತಿರ ನಮ್ಮ ಮನೆ ಹಿತ್ತಲಲ್ಲಿ. ಅಜ್ಜಿ ಬಾಳೆ ಕಂದು ಬಿಡಿಸುತ್ತಿದ್ದರು, ನಾನು ಬುಡದ ಮಣ್ಣು ಕೆದಕಿಕೊಟ್ಟೆ. ಮೇಲೆ ನೋಡಿದರೆ ನಾಲ್ಕು ಬೇರೆ ಬೇರೆ ಗಿಡ. ಕೆಳಗೆ ನೋಡಿದರೆ ನಾಲ್ಕೂ ಒಂದೇ ಗೆಡ್ಡೆಯಿಂದ ಎದ್ದಿವೆ. ಗುದ್ದಲಿ ಬಿದ್ದ ಜಾಗ ಬೆಳ್ಳಗೆ ಕಂಡು ರಸ ಜಿನುಗಿತು, ಬೆರಳಿಗೆ ಅಂಟಿದ ಬಾಳೆ ಕರೆ ಸಂಜೆವರೆಗೂ ಹೋಗಲಿಲ್ಲ. ಈಗ ಊಹಿಸಿಕೊಳ್ಳಿ: ಆ ಕಂದುಗಳನ್ನು ಯಾರೂ ಬಿಡಿಸಲಿಲ್ಲ, ಜೊತೆಗೆ ಒಂದು ಕಂದು ಬರೀ ಎಲೆ ಬಿಟ್ಟಿತು, ಇನ್ನೊಂದು ಬರೀ ಗೊನೆ ಹಾಕಿತು, ಮತ್ತೊಂದು ಬರೀ ಬೇರಾಯಿತು. ಒಂಟಿಯಾಗಿ ಯಾವುದೂ ಬದುಕದು. ಫೈಸೇಲಿಯಾ ಅಂದರೆ ಇದೇ.

ಹಾಗಾದರೆ ಫೈಸೇಲಿಯಾದ ಈ ಭಾಗಗಳನ್ನು ಅಂಗ ಅನ್ನದೆ ಜೂಯಿಡ್, ಅಂದರೆ ಒಂದೊಂದು ಜೀವಿ, ಅಂತ ಯಾಕೆ ಕರೆಯಬೇಕು? ಕ್ಲಾಸಿನಲ್ಲಿ ಇದನ್ನೇ ಕೇಳಿದೆ. "ಏನು ಕೆಲಸ ಮಾಡುತ್ತೆ ಅಂತ ನೋಡಬೇಡಮ್ಮ, ಹೇಗೆ ಹುಟ್ಟಿತು ಅಂತ ನೋಡು" ಅಂದರು ಮೇಡಂ. ನಮ್ಮ ಹೃದಯ ಇನ್ನೊಂದು ಮೈಯಾಗಿ ಮೊಗ್ಗೊಡೆದು ಬಂದದ್ದಲ್ಲ. ಜೂಯಿಡ್ ಹಾಗೆ ಬಂದದ್ದು, ಅದರ ರಚನೆ ಒಂದು ಇಡೀ ಪಾಲಿಪ್‌ಗೋ (ಹೈಡ್ರಾದಂಥ ಕೊಳವೆ ಮೈ) ಮೆಡುಸಾಗೋ (ಜೆಲ್ಲಿಫಿಶ್‌ನಂಥ ಕೊಡೆ ಮೈ) ಹೊಂದುತ್ತದೆ. ಸ್ವತಂತ್ರವಾಗಿ ಬದುಕುತ್ತದೆಯೇ ಅನ್ನುವುದು ಇಲ್ಲಿ ಅಳತೆಗೋಲೇ ಅಲ್ಲ.

ಹೆಸರುಗಳಿಗೆ ನನ್ನ ಶಾರ್ಟ್‌ಕಟ್: ತೇಲು, ಹಿಡಿ, ಉಣ್ಣು, ಹೆರು. ತೇಲುವುದು ನ್ಯೂಮಟೊಫೋರ್, ನೀಲಿ-ನೇರಳೆ ಬಲೂನು, ಸುಮಾರು 30 ಸೆಂಟಿಮೀಟರ್ ಉದ್ದದವರೆಗೂ ಬೆಳೆಯುತ್ತದೆ. ಒಳಗಿನ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂಡ ಇದೆ, ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಿಡಿಯುವುದು ಡ್ಯಾಕ್ಟಿಲೋಜೂಯಿಡ್, ಇದರ ಟೆಂಟಕಲ್ (ದಾರದಂಥ ಉದ್ದನೆಯ ಎಳೆ) 30 ಮೀಟರ್‌ವರೆಗೂ ಇಳಿಯಬಹುದು. ಉಣ್ಣುವುದು ಗ್ಯಾಸ್ಟ್ರೋಜೂಯಿಡ್. ಸಿಕ್ಕ ಮೀನಿಗೆ ಹತ್ತಾರು ಬಾಯಿಗಳು ಒಟ್ಟಿಗೆ ಕಚ್ಚಿಕೊಂಡು ಕರಗಿಸುತ್ತವೆ, ಆ ರಸ ಎಲ್ಲರಿಗೂ ಸೇರಿದ ಒಂದೇ ಕುಹರದಲ್ಲಿ ಹರಿಯುತ್ತದೆ. ಬಾಳೆ ಗೆಡ್ಡೆ ನೆನಪಾಯಿತಲ್ವಾ? ಹೆರುವುದು ಗೊನೊಜೂಯಿಡ್. ಒಂದು ಕಾಲೊನಿ ಪೂರ್ತಿ ಗಂಡು, ಇಲ್ಲವೇ ಪೂರ್ತಿ ಹೆಣ್ಣು.

ಒಂದು ಮಾತು: ಬಲೂನನ್ನೂ ಜೂಯಿಡ್ ಅಂತ ಎಣಿಸುವ ಪುಸ್ತಕಗಳು ಇವೆ. ಆದರೆ ಅದು ಮೊಗ್ಗಾಗಿ ಬಂದದ್ದಲ್ಲ, ಲಾರ್ವಾದ ತುದಿ ಒಳಕ್ಕೆ ಮಡಚಿಕೊಂಡು ಆದದ್ದು. ಮೇಡಂ ಹೇಳಿದ ಅಳತೆಗೋಲು ಹಿಡಿದರೆ ಅದು ಜೂಯಿಡ್ ಆಗುವುದಿಲ್ಲ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಯಿತು.

ಕುಟುಕಿನ ವಿಷಯದಲ್ಲಿ ಗೊಂದಲ ಜಾಸ್ತಿ ಇಲ್ಲ. ನೈಡೋಸೈಟ್ ಅಂದರೆ ಕುಟುಕುವ ಜೀವಕೋಶ. ಅದರೊಳಗಿನ ಡಬ್ಬಿ ನೆಮಟೋಸಿಸ್ಟ್. ಡಬ್ಬಿಯಲ್ಲಿ ಸುರುಳಿ ಸುತ್ತಿದ ದಾರ, ತಾಗಿದ ತಕ್ಷಣ ಚಿಮ್ಮಿ ವಿಷ ಇಳಿಸುತ್ತದೆ. ಒಂದು ಡಬ್ಬಿ ಒಂದೇ ಸಲಕ್ಕೆ. ಚಿಮ್ಮಲು ಮಿದುಳಿನ ಅಪ್ಪಣೆ ಬೇಕಿಲ್ಲ, ಆದ್ದರಿಂದ ಕಾಲೊನಿ ಸತ್ತು ದಡಕ್ಕೆ ಬಿದ್ದ ಮೇಲೂ, ಟೆಂಟಕಲ್ ತುಂಡಾಗಿ ಬಿದ್ದಿದ್ದರೂ ಕುಟುಕುತ್ತದೆ. ಮಳೆಗಾಲದಲ್ಲಿ ಕರಾವಳಿಗೆ ಟ್ರಿಪ್ ಹೋದಾಗ ಮರಳ ಮೇಲೆ ನೀಲಿ ಬಲೂನು ಕಂಡರೆ ದೂರದಿಂದಲೇ ಫೋಟೊ ತೆಗೆಯಿರಿ. ಟೆಂಟಕಲ್ ಎಲ್ಲಿಯವರೆಗೆ ಹರಡಿದೆ ಅಂತ ಮರಳಲ್ಲಿ ಸುಲಭವಾಗಿ ಕಾಣುವುದಿಲ್ಲ.