ಅಡಿಪಾಯ ತೋಡುವ ಮುನ್ನ ನೆಲವನ್ನು ಓದುವ ಕ್ರಮ ಹೇಗೆ ಬೆಳೆಯಿತು

1954ರಲ್ಲಿ ಲಂಡನ್ನಿನ ವಾಲ್‌ಬ್ರೂಕ್ ಬಳಿ ಕಚೇರಿ ಕಟ್ಟಡಕ್ಕೆಂದು ತೆರವುಗೊಳಿಸಿದ್ದ ನಿವೇಶನದಲ್ಲಿ ರೋಮನ್ನರ ಕಾಲದ, ಮಿತ್ರಾಸ್ ಎಂಬ ದೇವರ ದೇಗುಲ ಬೆಳಕಿಗೆ ಬಂದಾಗ, ಅದನ್ನು ನೋಡಲು ಲಕ್ಷಾಂತರ ಜನ ಸಾಲುಗಟ್ಟಿ ನಿಂತರು. ಉತ್ಖನನದ ಅವಧಿ ಒಂದಿಷ್ಟು ವಿಸ್ತರಣೆಗೊಂಡಿತು. ಬಳಿಕ ಕಲ್ಲುಗಳನ್ನು ಬಿಚ್ಚಿ ಸಾಗಿಸಲಾಯಿತು, ಕಟ್ಟಡ ಎದ್ದಿತು. ಕೆಲಸ ಶುರುವಾದ ಮೇಲೆ ಏನಾದರೂ ಕಣ್ಣಿಗೆ ಬಿದ್ದರೆ ನಿರ್ಮಾಣದಾರರು ಒಪ್ಪಿದಷ್ಟು ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನು ದಾಖಲಿಸಿಕೊಳ್ಳುವುದೇ ಆಗಿನ ರೂಢಿಯಾಗಿತ್ತು.

ಅಣೆಕಟ್ಟುಗಳ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಬೇರೆಯಿತ್ತು. ಯಾವ ನೆಲ ಮುಳುಗುತ್ತದೆ ಎಂಬುದು ವರ್ಷಗಳ ಮೊದಲೇ ಗೊತ್ತಿರುತ್ತಿದ್ದುದರಿಂದ, ಕೃಷ್ಣಾ ನದಿಯ ನಾಗಾರ್ಜುನಸಾಗರ ಅಣೆಕಟ್ಟಿನಿಂದ ಮುಳುಗಲಿದ್ದ ನಾಗಾರ್ಜುನಕೊಂಡ ಕಣಿವೆಯಲ್ಲಿ 1954ರಿಂದ 1960ರವರೆಗೆ ವ್ಯಾಪಕ ಉತ್ಖನನ ನಡೆಯಿತು. ಈಜಿಪ್ಟಿನ ಆಸ್ವಾನ್ ಅಣೆಕಟ್ಟಿನ ನೀರಿನಿಂದ ಸ್ಮಾರಕಗಳನ್ನು ಉಳಿಸಲು 1960ರಲ್ಲಿ ಆರಂಭವಾದ ಯುನೆಸ್ಕೋದ ನ್ಯೂಬಿಯಾ ಅಭಿಯಾನ ಅಬು ಸಿಂಬೆಲ್ ದೇಗುಲಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಿತು. ಕಾಮಗಾರಿಗೆ ಮುನ್ನವೇ ಸಮೀಕ್ಷೆ ನಡೆಯಬೇಕೆಂಬ ಮಾತು 1968ರ ಯುನೆಸ್ಕೋ ಶಿಫಾರಸಿನಲ್ಲಿ ಸೇರಿತು. ಆದರೆ ನಗರಗಳ ನಿತ್ಯದ ಕಟ್ಟಡ ಕೆಲಸಗಳಿಗೆ ಅದು ತಟ್ಟಲು ಇನ್ನೂ ಎರಡು ದಶಕಗಳೇ ಹಿಡಿದವು.

1989ರಲ್ಲಿ ಲಂಡನ್ನಿನಲ್ಲೇ, 1587ರಲ್ಲಿ ಕಟ್ಟಿದ್ದ ರೋಸ್ ರಂಗಮಂದಿರದ ಅವಶೇಷಗಳು ದೊರೆತಾಗ ಕಟ್ಟಡಕ್ಕೆ ಪರವಾನಗಿ ಸಿಕ್ಕಾಗಿತ್ತು. ಕಲಾವಿದರೂ ಸಾರ್ವಜನಿಕರೂ ಪ್ರತಿಭಟಿಸಿದ ಮೇಲೆ, ಅವಶೇಷಗಳನ್ನು ಕೆಳಗೆ ಉಳಿಸಿಕೊಳ್ಳುವಂತೆ ವಿನ್ಯಾಸವನ್ನು ಬದಲಿಸಬೇಕಾಯಿತು. ಮರುವರ್ಷ, ಅಂದರೆ 1990ರ ನವೆಂಬರಿನಲ್ಲಿ, ಇಂಗ್ಲೆಂಡಿನ ಯೋಜನಾ ಮಾರ್ಗದರ್ಶಿ ಪಿಪಿಜಿ 16 ಹೊರಬಂದು, ಪರವಾನಗಿಯ ತೀರ್ಮಾನಕ್ಕೆ ಮೊದಲೇ ನೆಲದ ಪುರಾತತ್ವ ಮಹತ್ವವನ್ನು ತಿಳಿದುಕೊಳ್ಳಬೇಕೆಂಬ ನಿಲುವನ್ನು ತಳೆಯಿತು. ಪುರಾತತ್ವ ಪರಂಪರೆಯ ರಕ್ಷಣೆಗೆಂದು ಆದ 1992ರ ವಲೆಟ್ಟಾ ಒಡಂಬಡಿಕೆ ಇದೇ ದಿಕ್ಕಿನಲ್ಲಿ ಯುರೋಪಿನ ದೇಶಗಳನ್ನು ಒಂದೆಡೆ ತಂದಿತು.

ಈ ಮೌಲ್ಯಮಾಪನ ಅಗೆತದಿಂದ ಆರಂಭವಾಗುವುದಿಲ್ಲ. ಹಳೆಯ ನಕ್ಷೆಗಳು, ಭೂದಾಖಲೆಗಳು, ಸುತ್ತಮುತ್ತಲಿನ ಹಿಂದಿನ ಉತ್ಖನನ ವರದಿಗಳು, ವೈಮಾನಿಕ ಚಿತ್ರಗಳು, ಲೇಸರ್ ಕಿರಣಗಳಿಂದ ನೆಲದ ಏರುತಗ್ಗು ಅಳೆಯುವ ಲೈಡಾರ್ ಮಾಹಿತಿ ಇವೆಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಓದುವುದೇ ಅದರ ಮೊದಲ ಹಂತ. ಹೂತುಹೋದ ಕಂದಕದ ಮೇಲಿನ ಮಣ್ಣು ಹೆಚ್ಚು ತೇವ ಹಿಡಿದಿಡುವುದರಿಂದ, ಬರಗಾಲದಲ್ಲಿ ಅಲ್ಲಿನ ಬೆಳೆ ಮಾತ್ರ ಹಸಿರಾಗಿ ಉಳಿದು, ಆಕಾಶದಿಂದ ನೋಡಿದಾಗ ಕಂದಕದ ಜಾಡು ಗೆರೆಯಂತೆ ಕಾಣುತ್ತದೆ. ನಂತರ, ನೆಲದ ಕಾಂತತ್ವದ ಸಣ್ಣ ವ್ಯತ್ಯಾಸಗಳನ್ನು ಅಳೆಯುವ ಕಾಂತೀಯ ಸಮೀಕ್ಷೆ. ಒಲೆ, ಆವಿಗೆಗಳಲ್ಲಿ ಸುಟ್ಟ ಮಣ್ಣನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಆದರೆ ನದಿ ತಂದ ದಪ್ಪ ಮೆಕ್ಕಲಿನ ಅಡಿಯಲ್ಲಿ ಇರುವುದು ಅದಕ್ಕೆ ತಪ್ಪಿಹೋಗಬಹುದು. ಆದ್ದರಿಂದ ಅಗತ್ಯವಿದ್ದಲ್ಲಿ ಪರೀಕ್ಷಾ ಕಂದಕಗಳನ್ನು ತೋಡಿ ಖಚಿತಪಡಿಸಿಕೊಳ್ಳುತ್ತಾರೆ. ಹಳೆಯ ನೆಲಮಾಳಿಗೆ ಅಥವಾ ಕಲ್ಲುಗಣಿ ಎಲ್ಲವನ್ನೂ ಆಗಲೇ ಅಳಿಸಿಹಾಕಿದೆಯೇ ಎಂಬುದನ್ನು ತಿಳಿಯುವುದೂ ಅಷ್ಟೇ ಮುಖ್ಯ.

ವರದಿಗಳಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸುವುದು, ದಾಖಲೆ ಇಲ್ಲದ ನೆಲದಲ್ಲಿ ಅವಶೇಷ ಸಿಗುವುದಕ್ಕೆ ‘ಕಡಿಮೆ ಸಾಧ್ಯತೆ’ ಎಂದು ಬರೆದು ಮುಗಿಸುವ ಅಭ್ಯಾಸ. ಅಲ್ಲಿ ಏನೂ ದಾಖಲಾಗದಿರುವುದಕ್ಕೆ, ಯಾರೂ ಹುಡುಕದಿದ್ದುದೇ ಕಾರಣವಾಗಿರಬಹುದು. ಅಂಥ ನೆಲದ ಸಾಧ್ಯತೆಯನ್ನು ‘ತಿಳಿದಿಲ್ಲ’ ಎಂದೇ ಬರೆದು, ಕಟ್ಟಡದ ವಿನ್ಯಾಸ ಅಂತಿಮವಾಗುವ ಮೊದಲೇ ಪರೀಕ್ಷಾ ಕಂದಕ ತೋಡಿಸಬೇಕು. ಆ ಹಂತದಲ್ಲಾದರೆ ಕಂಬಗಳ ಜಾಗವನ್ನು ಸರಿಸುವುದು ನಕಾಶೆಯ ತಿದ್ದುಪಡಿಯಲ್ಲೇ ಮುಗಿಯುತ್ತದೆ.