ವೆಬ್‌ಸೈಟಿನ ಫೀಸು ನೋಡಿ ಹಿಂದೆ ಸರಿಯಬೇಡಿ

ಹೋದ ವರ್ಷ ಅಕ್ಟೋಬರಿನಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಅಮೆರಿಕಕ್ಕೆ ಬಂದು ಮೂರು ವರ್ಷವಾಗಿತ್ತು. ಅವರ ಅಣ್ಣ ಹಾಕಿದ್ದ ಅರ್ಜಿಯ ಮೇಲೆ, ಹದಿನೈದು ವರ್ಷ ಕಾದ ನಂತರ ಗ್ರೀನ್ ಕಾರ್ಡ್ ಸಿಕ್ಕಿತ್ತು. ಅವರಿಗೆ ಗ್ಯಾಸ್ ಸ್ಟೇಷನ್ ಅಂಗಡಿಯಲ್ಲಿ ರಾತ್ರಿ ಪಾಳಿ, ಹೆಂಡತಿಗೆ ಡೇ ಕೇರ್‌ನಲ್ಲಿ ಕೆಲಸ. ಮಗಳು ಹನ್ನೆರಡನೇ ಕ್ಲಾಸು, ಓದಿನಲ್ಲಿ ಬಹಳ ಮುಂದೆ.

"ಮೇಡಂ, ಇವಳು ಹೇಳೋ ಕಾಲೇಜಿಗೆ ವರ್ಷಕ್ಕೆ ತೊಂಬತ್ತು ಸಾವಿರ ಡಾಲರ್ ಅಂತೆ. ನಾವಿಬ್ರೂ ದುಡಿದಿದ್ದನ್ನ ಸೇರಿಸಿದ್ರೂ ಅಷ್ಟಾಗಲ್ಲ. ನಮ್ಮಂಥವರಿಗೆ ಅದೆಲ್ಲ ಯಾಕೆ, ಅಲ್ವಾ?" ಎಂದರು.

ಈ ಮಾತನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ವೆಬ್‌ಸೈಟಿನಲ್ಲಿ ಕಾಣುವ ಆ ಮೊತ್ತವನ್ನು ಎಲ್ಲರೂ ಕಟ್ಟುವುದಿಲ್ಲ. ಕಡಿಮೆ ಆದಾಯದ ಮನೆಯವರಂತೂ ಎಷ್ಟೋ ಕಡೆ ಅದರ ಸಣ್ಣ ಪಾಲು ಮಾತ್ರ ಕಟ್ಟುತ್ತಾರೆ. ಫೆಡರಲ್ ನೆರವು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವು, ಪಡೆಯುವ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' ಇಡಲೇಬೇಕು. 2011ರಿಂದ ಅದು ಕಾನೂನು. ನಿಮ್ಮ ಆದಾಯ ಹಾಕಿದರೆ, ನಿಮ್ಮ ಮನೆಗೆ ಸುಮಾರು ಎಷ್ಟು ಬೀಳುತ್ತದೆ ಎಂದು ತೋರಿಸುತ್ತದೆ. ಹದಿನೈದು ನಿಮಿಷದ ಕೆಲಸ. ಅದನ್ನು ಮಾಡದೆ ಯಾವ ಕಾಲೇಜನ್ನೂ ಪಟ್ಟಿಯಿಂದ ಹೊಡೆದುಹಾಕಬೇಡಿ.

ಆದರೆ ಅದಕ್ಕೂ ಮೊದಲು ನಾನು ಕೇಳುವುದು ಮಾರ್ಕ್ಸ್ ಅಲ್ಲ, ಮಗುವಿನ ವಲಸೆ ಕಾಗದ ಯಾವುದು ಅಂತ. ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ನೆರವು ಸಿಗುತ್ತದೆ, ಅದಕ್ಕೆ ಇಷ್ಟು ವರ್ಷ ಕಾಯಬೇಕು ಅಂತೇನಿಲ್ಲ. ನಿರಾಶ್ರಿತರಿಗೂ ಆಶ್ರಯ ಪಡೆದವರಿಗೂ ಸಿಗುತ್ತದೆ. ಇವರು 'ಫಾಫ್ಸಾ' ಎಂಬ ಅರ್ಜಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಅದರಿಂದ ಸಿಗುವ ಪೆಲ್ ಗ್ರಾಂಟ್ ವಾಪಸ್ ಕಟ್ಟಬೇಕಾದ ಹಣವಲ್ಲ. 2025-26ಕ್ಕೆ ಅದರ ಗರಿಷ್ಠ ಮೊತ್ತ 7,395 ಡಾಲರ್.

ಈ ಅರ್ಜಿಯಲ್ಲಿ ನಮ್ಮವರು ಎರಡು ಕಡೆ ಎಡವುತ್ತಾರೆ. ಒಂದು, ಅದು ಎರಡು ವರ್ಷ ಹಿಂದಿನ ಆದಾಯ ಕೇಳುತ್ತದೆ. ಆಗ ನೀವು ಊರಿನಲ್ಲಿ ದುಡಿಯುತ್ತಿದ್ದರೆ ಆ ಸಂಬಳವನ್ನು ಡಾಲರಿಗೆ ಬದಲಿಸಿ ಬರೆಯಬೇಕು. ಇನ್ನೊಂದು, ಈಗ ವಾಸವಿರುವ ಸ್ವಂತ ಮನೆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಊರಿನ ಸೈಟು, ಬಾಡಿಗೆಗೆ ಕೊಟ್ಟ ಮನೆ ಬರುತ್ತವೆ. ಆದಾಯ ಕಡಿಮೆ ಇರುವ ಹಲವರಿಗೆ ಆಸ್ತಿಯ ಪ್ರಶ್ನೆ ಬರುವುದೇ ಇಲ್ಲ. ಬಂದರೆ ಮಾತ್ರ ಮುಚ್ಚಿಡಬೇಡಿ.

ತಂದೆತಾಯಿಗೆ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದಿದ್ದರೂ, ಮಗು ಇಲ್ಲಿನ ನಾಗರಿಕನಾಗಿದ್ದರೆ ಅರ್ಜಿ ಹಾಕಬಹುದು. ಮನೆಯಲ್ಲಿ ಯಾರಿಗಾದರೂ ಕಾಗದವೇ ಇಲ್ಲ ಎಂದಾದರೆ, ಹೆಸರು ತುಂಬುವ ಮೊದಲು ವಲಸೆ ವಕೀಲರ ಹತ್ತಿರ ಮಾತಾಡಿ.

ಎಚ್-4 ಮಕ್ಕಳಿಗೆ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ, ಫೆಡರಲ್ ನೆರವು ಇಲ್ಲ. ದೇವಸ್ಥಾನದ ಅರ್ಚಕರ ಮಕ್ಕಳು ಎಷ್ಟೋ ಜನ ಆರ್-2 ವೀಸಾದಲ್ಲಿ ಇರುತ್ತಾರೆ, ಅವರಿಗೂ ಇಲ್ಲ. ಆ ಮನೆಗಳ ಕಷ್ಟ ನನಗೆ ಗೊತ್ತು. ಸಂಬಳ ಕಡಿಮೆ, ಮಗುವಿಗೆ ಕೆಲಸ ಮಾಡುವ ಹಾಗೂ ಇಲ್ಲ. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ನೆಲೆಸಿರುವ ಎಚ್-4 ಮಗು ರಾಜ್ಯದವರಿಗೆ ಇರುವ ಕಡಿಮೆ ಫೀಸಿಗೆ ಅರ್ಜಿ ಹಾಕಬಹುದು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಹಾಗಾಗಿ ಕಾಲೇಜಿನ ರೆಸಿಡೆನ್ಸಿ ಕಚೇರಿಯನ್ನೇ ಕೇಳಿ, ಉತ್ತರ ಇಮೇಲ್‌ನಲ್ಲಿ ಪಡೆಯಿರಿ. ಗ್ರೀನ್ ಕಾರ್ಡ್ ಬಾರದೆ ಮಗುವಿಗೆ 21 ತುಂಬಿದರೆ ಸಾಮಾನ್ಯವಾಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಆಗ ಫೀಸು ಏನಾಗುತ್ತದೆ ಎಂದೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಇನ್ನು ಕಾಗದ ಯಾವುದೇ ಇದ್ದರೂ ನೆರವು ಕೊಡುವ ಕಾಲೇಜುಗಳಿವೆ. ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥವು ಸೀಟು ಕೊಡುವಾಗ ದುಡ್ಡು ಇದೆಯೋ ಇಲ್ಲವೋ ನೋಡುವುದಿಲ್ಲ. ಸೀಟು ಕೊಟ್ಟ ಮೇಲೆ ಕೊರತೆಯನ್ನು ಪೂರ್ತಿ ತುಂಬುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕೆಂಟಕಿಯ ಬೆರಿಯಾ ಕಾಲೇಜಿನ ಹೆಸರು ನಮ್ಮವರು ಕೇಳಿರುವುದೇ ಕಡಿಮೆ. 1892ರಿಂದ ಅದು ಯಾರ ಹತ್ತಿರವೂ ಟ್ಯೂಷನ್ ಫೀಸು ತೆಗೆದುಕೊಂಡಿಲ್ಲ. ಅಲ್ಲಿ ಓದುವವರೆಲ್ಲ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು, ಹಾಗಾಗಿ ಕೆಲಸ ಮಾಡುವ ಹಾಗಿಲ್ಲದ ವೀಸಾದವರು ಮೊದಲು ಕಾಲೇಜನ್ನೇ ಕೇಳಿ. ಕ್ವೆಸ್ಟ್‌ಬ್ರಿಡ್ಜ್ ಎಂಬ ಸಂಸ್ಥೆ ಕಡಿಮೆ ಆದಾಯದ ಜಾಣ ಮಕ್ಕಳಿಗೆ ಒಳ್ಳೆಯ ಕಾಲೇಜುಗಳಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಕೊಡಿಸುತ್ತದೆ. ಇಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದರೆ ಸಾಕು, ಪೌರತ್ವ ಕೇಳುವುದಿಲ್ಲ. ಅದರ ಗಡುವು ಸೆಪ್ಟೆಂಬರ್ ಕೊನೆಗೇ ಮುಗಿಯುತ್ತದೆ. ಆ ಹುಡುಗಿ ಅಕ್ಟೋಬರಿನಲ್ಲಿ ಬಂದಳು. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಹನ್ನೊಂದನೇ ಕ್ಲಾಸಿನಲ್ಲೇ ಕೌನ್ಸೆಲರ್ ಹತ್ತಿರ ಹೋಗಿ.

ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು, ಅಂದ ತಕ್ಷಣ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದವರಿಗೆ ಕೋರ್ಸಿನ ಒಂದು ಯೂನಿಟ್‌ಗೆ 46 ಡಾಲರ್, ಕಡಿಮೆ ಆದಾಯದವರಿಗೆ ಅದೂ ಮಾಫಿಯಾಗುತ್ತದೆ. ಎರಡು ವರ್ಷ ಓದಿ, ಬೇಕಾದ ಗ್ರೇಡ್ ಬಂದರೆ, ಡೇವಿಸ್, ಅರ್ವೈನ್ ಸೇರಿ ಆರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಾತ್ರಿ ಪ್ರವೇಶ ಪಡೆಯುವ ದಾರಿ ಇದೆ. ಸುಮ್ನೆ ಕಂಡ ಕಂಡ ಕೋರ್ಸು ತೆಗೆದುಕೊಂಡರೆ ಮಾತ್ರ ಆ ಯೂನಿಟ್ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಹೆಸರು ಬರೆಸುವ ಮೊದಲು, ಯಾವ ಕೋರ್ಸು ಲೆಕ್ಕಕ್ಕೆ ಬರುತ್ತದೆ ಎಂದು 'ಅಸಿಸ್ಟ್' ತಾಣದಲ್ಲಿ ನೋಡಿಕೊಳ್ಳಿ.

ಏಪ್ರಿಲ್‌ನಲ್ಲಿ ಕಾಲೇಜುಗಳ ಪತ್ರ ಬಂದಾಗ ಅಸಲಿ ಲೆಕ್ಕ ಶುರು. ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಾಲೇಜಿನ ಒಟ್ಟು ಖರ್ಚು 42,000 ಡಾಲರ್, ನೆರವು 30,000 ಎಂದು ಪತ್ರದಲ್ಲಿದೆ. ಬಿಡಿಸಿ ನೋಡಿದರೆ ಗ್ರಾಂಟ್ 12,000 ಮಾತ್ರ. ಮಗುವಿನ ಹೆಸರಿನ ಸಾಲ 5,500, ತಂದೆತಾಯಿ ಹೆಸರಿನ ಸಾಲ 10,000, ವರ್ಕ್-ಸ್ಟಡಿ 2,500. ವರ್ಕ್-ಸ್ಟಡಿ ಅಂದರೆ ಮಗು ಕೆಲಸ ಮಾಡಿ ಗಳಿಸಬೇಕಾದ ದುಡ್ಡು. ಅಲ್ಲಿಗೆ ನಿಮ್ಮ ಮೇಲೆ ಬೀಳುವುದು ವರ್ಷಕ್ಕೆ 30,000. ಪಕ್ಕದ ಕಾಲೇಜು 88,000ದ್ದು, ಆದರೆ ಗ್ರಾಂಟ್ 79,000. ನಿಮಗೆ ಬೀಳುವುದು 9,000. ಅಗ್ಗದ ಕಾಲೇಜು ಯಾವುದು? ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಅದು ನಾಲ್ಕೂ ವರ್ಷ ಸಿಗುತ್ತದಾ, ಇಷ್ಟೇ ಗ್ರೇಡ್ ಇರಬೇಕು ಎಂಬ ಷರತ್ತು ಇದೆಯಾ ಎಂದೂ ಕೇಳಿ.

ಆ ತಂದೆಯ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯಲ್ಲಿ ಅವರ ಪಾಳಿ ಕಡಿತವಾಯಿತು. ಕಾಲೇಜು ನೋಡಿದ್ದು ಹಳೆಯ ತೆರಿಗೆ ಕಾಗದ. ನಾವು ಫೈನಾನ್ಶಿಯಲ್ ಏಡ್ ಕಚೇರಿಗೆ ಒಂದು ಪುಟದ ಮೇಲ್ಮನವಿ ಬರೆದೆವು. ಈಗಿನ ಪೇ ಸ್ಟಬ್ (ಸಂಬಳದ ಚೀಟಿ) ಲಗತ್ತಿಸಿದೆವು. ಹೀಗೆ ಕೇಳಲು ನಿಯಮದಲ್ಲೇ ಅವಕಾಶವಿದೆ, ಅದು ಭಿಕ್ಷೆಯಲ್ಲ. ಗ್ರಾಂಟ್ ಜಾಸ್ತಿಯಾಯಿತು. ಹೆಚ್ಚಿನ ಕಾಲೇಜುಗಳಿಗೆ ಒಪ್ಪಿಗೆ ತಿಳಿಸುವ ಕೊನೆಯ ದಿನ ಮೇ 1. ಮೇಲ್ಮನವಿ ಬರೆಯುವುದಿದ್ದರೆ ಪತ್ರ ಬಂದ ವಾರದಲ್ಲೇ ಬರೆಯಿರಿ. ಉತ್ತರ ತಡವಾಗುವಂತಿದ್ದರೆ ಒಪ್ಪಿಗೆಗೆ ಒಂದು ವಾರ ಹೆಚ್ಚು ಸಮಯ ಕೊಡಿ ಎಂದು ಅದೇ ಪತ್ರದಲ್ಲಿ ಕೇಳಿ.